ಅವತ್ತು ಹೊಳಿ ಎಷ್ಟಿತ್ತು

"ಓದೇನ್ರಿ ಅಜ್ಜಾರ, ನಾಕು ಸಲ ಓದೇನಿ. ನಾಕೂ ಸಲ ಅದನ್ನ ಬರದೈತಿ. ಏಳು ದಿನದಾಗ ಉತ್ತರ ಕೊಡಬೇಕಂತ. ಇಲ್ಲಾಂದ್ರ ನನಗ ಹೇಳಾಕ ಏನೂ ಇಲ್ಲ ಅಂತ ತಿಳ್ಕೋತಾರಂತ. ಹೇಳಿದ್ದಕ್ಕನ ನೋಟಿಸ್ ಕೊಟ್ಟಾರ, ಮತ್ತ ಹೇಳಾಕ ಏನೂ ಇಲ್ಲ ಅಂತ ಹೆಂಗ ತಿಳ್ಕೋತಾರ್ರಿ?"

ಗುಡ್ಡಪ್ಪ ಹೀಗೆ ಗೊಣಗುತ್ತ ಮಠದ ಕಟ್ಟೆ ಮೇಲೆ ಕುಂತ.

ಎದುರಿಗೆ ಮಠದ ಸ್ವಾಮಿಗಳಾದ ಅಜ್ಜಾರು ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದರು. ನೋಟಿಸ್ ಪೂರ್ತಿ ಓದಿದೆಯಾ ಅಂತ ಅವರು ಕೇಳಿದ್ದು ಒಂದೇ ಮಾತು. ಅಷ್ಟಕ್ಕೆ ಇಷ್ಟು ಬಂತು.

ಹೊಳೆದಂಡೆಯ ಸಣ್ಣ ಮಠ ಅದು. ಮುಂದೆ ನೀರಿಗಿಳಿಯುವ ಮೆಟ್ಟಿಲು. ಮೆಟ್ಟಿಲ ಪಕ್ಕಕ್ಕೆ ಸರ್ಕಾರದವರು ನೆಟ್ಟ ಅಳತೆಯ ಕಂಬಗಳು, ಒಂದಕ್ಕಿಂತ ಒಂದು ಮೇಲೆ.

ಗುಡ್ಡಪ್ಪನ ನೌಕರಿ ಅಂದರೆ ದಿನಾ ಮುಂಜಾನೆ ಎಂಟಕ್ಕೆ ಆ ಕಂಬ ನೋಡುವುದು. ನೀರು ಎಷ್ಟು ಮೀಟರಿಗೆ ನಿಂತಿದೆ ಅಂತ ಪುಸ್ತಕದಲ್ಲಿ ಬರೆಯುವುದು, ಇಲಾಖೆಗೆ ತಿಳಿಸುವುದು. ಹೊಳೆ ಏರಿದ ದಿನ ತಾಸಿಗೊಮ್ಮೆ. ಹತ್ತೊಂಬತ್ತು ವರ್ಷದಿಂದ ಇಷ್ಟೇ ಮಾಡಿದ್ದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ, ಬೇರೆ ಕೆಲಸ ಮಾಡು ಅಂತ ಯಾರೂ ಹೇಳಿರಲೂ ಇಲ್ಲ.

ಅಜ್ಜಾರಿಗೆ ಅವನು ಶಿಷ್ಯನಾದದ್ದು ನೌಕರಿಯ ಮೊದಲನೇ ದಿನ. ಕಂಬ ನೋಡಲು ಇಳಿದವನು ಪಾಚಿಯ ಮೇಲೆ ಕಾಲಿಟ್ಟು ಪುಸ್ತಕದ ಸಮೇತ ಹೊಳೆಗೆ ಬಿದ್ದ. ಅಜ್ಜಾರು ಅಂಗಿಯ ಕೊರಳಪಟ್ಟಿ ಹಿಡಿದು ಎಳೆದು ದಂಡೆಗೆ ಹಾಕಿದರು. ಬಿಸಿ ಚಹಾ ಕೊಟ್ಟರು. ಮರುದಿನ ಮುಂಜಾನೆ ಮತ್ತೆ ಬಂದ. ದೀಕ್ಷೆ ಅಂತ ಆದದ್ದು ಅಷ್ಟೇ.

ಅವತ್ತಿನಿಂದ ಒಂದು ರೂಢಿ ಬಿತ್ತು. ಗುಡ್ಡಪ್ಪ ಕಂಬ ನೋಡಿ ಬಂದು ಅಂಕಿ ಹೇಳುವುದು. ಅಜ್ಜಾರು ಸೂರಿನ ಕೆಳಗೆ ಗೋಡೆಗೆ ನೇತುಹಾಕಿದ ಕರಿಹಲಗೆಯ ಮೇಲೆ ಅದನ್ನು ದೊಡ್ಡದಾಗಿ ಬರೆಯುವುದು. ಬಟ್ಟೆ ಒಗೆಯುವವರು, ದನ ಮೈತೊಳೆಯುವವರು, ತೆಪ್ಪದವರು, ಎಲ್ಲರೂ ಹೊಳೆಗೆ ಇಳಿಯುವ ಮುಂಚೆ ಹಲಗೆಯ ಕಡೆ ಒಮ್ಮೆ ನೋಡುತ್ತಿದ್ದರು. ಅಂಕಿ ಒಂಬತ್ತು, ಅಂದರೆ ಅಪಾಯದ ಮಟ್ಟ, ದಾಟಿದ ದಿನ ಆ ದಂಡೆಯಲ್ಲಿ ಯಾರೂ ತೆಪ್ಪ ನೀರಿಗಿಳಿಸುತ್ತಿರಲಿಲ್ಲ.

ಹೋದ ವರ್ಷದ ಶ್ರಾವಣದಿಂದ ಅಜ್ಜಾರು ಬರೆಯುವುದನ್ನ ಬಿಟ್ಟರು. ಅವತ್ತು ಬರೆದ 8.20 ಅನ್ನುವುದು ಹಲಗೆಯ ಮೇಲೆ ಹಾಗೇ ಉಳಿಯಿತು.

ಗುಡ್ಡಪ್ಪ ಚಾಕ್‌ಪೀಸ್ ಮುಗಿದಿರಬೇಕು ಅಂದುಕೊಂಡ. ಪೇಟೆಗೆ ಹೋದಾಗ ಒಂದು ಡಬ್ಬಿ ತಂದುಕೊಟ್ಟ. ಅಜ್ಜಾರು ಅದನ್ನು ಗೋಡೆಯ ಗೂಡಿನಲ್ಲಿ ಇಟ್ಟರು.

ಆಮೇಲೆ ಅಜ್ಜಾರ ಕಣ್ಣು ಯಾವಾಗಲೂ ಕೆಂಪಗಿರುವುದನ್ನ ಕಂಡ. ಕಣ್ಣಿಗೆ ಹಾಕುವ ಔಷಧ ತಂದುಕೊಟ್ಟ, ನನ್ನಂಗ ಹೊತ್ತಿಗೆ ಸರಿಯಾಗಿ ಮಲಗ್ರಿ ಅಂತ ಬುದ್ಧಿಯನ್ನೂ ಹೇಳಿದ. ಅಜ್ಜಾರು ಔಷಧವನ್ನೂ ಅದೇ ಗೂಡಿನಲ್ಲಿ ಇಟ್ಟರು. ಬುದ್ಧಿ ಎಲ್ಲಿಟ್ಟರೋ ಗೊತ್ತಾಗಲಿಲ್ಲ.

ಈಗ ನೋಟಿಸಿನ ವಿಷಯ.

ಎರಡು ವಾರದ ಹಿಂದೆ ಗುಡ್ಡಪ್ಪ ರೊಟ್ಟಿ ತಿನ್ನುತ್ತ ಟಿವಿ ನೋಡುತ್ತಿದ್ದ. ಮಂತ್ರಿಯೊಬ್ಬರು ಸಭೆಯಲ್ಲಿ ಎದ್ದು ನಿಂತು, ಹೋದ ವರ್ಷದ ಮಳೆಗಾಲದಲ್ಲಿ ಈ ಹೊಳೆ ಒಂದು ದಿನವೂ ಅಪಾಯದ ಮಟ್ಟ ದಾಟಿಲ್ಲ, ನೆರೆಗೆ ಒಂದು ಜೀವವೂ ಹೋಗಿಲ್ಲ ಅಂದರು. ಗುಡ್ಡಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಯಾಕಂದರೆ ಅಂಬಿಗರ ತಿಪ್ಪಣ್ಣ ಹೋದದ್ದು ಅದೇ ಮಳೆಗಾಲದಲ್ಲಿ. ನಡುಗಡ್ಡೆಯ ಮೇಲೆ ಸಿಕ್ಕಿಕೊಂಡ ನಾಲ್ಕು ಆಡು ತರುತ್ತೇನೆ ಅಂತ ತೆಪ್ಪ ಇಳಿಸಿದ. ತೆಪ್ಪ ಮಗುಚಿತು. ಆಡುಗಳು ತಾವೇ ಈಜಿ ದಡಕ್ಕೆ ಬಂದವು. ತಿಪ್ಪಣ್ಣ ಮೂರನೇ ದಿನ ಕೆಳಗಿನ ಊರಲ್ಲಿ ಸಿಕ್ಕ.

ರಾತ್ರಿಯೆಲ್ಲ ಸಿಟ್ಟಿತ್ತು ಅಂತ ಹೇಳಿದರೆ ಸುಳ್ಳಾದೀತು, ಗುಡ್ಡಪ್ಪ ಎಂದಿನಂತೆ ಒಳ್ಳೆ ನಿದ್ದೆ ಮಾಡಿದ. ಆದರೆ ಮುಂಜಾನೆ ಎದ್ದ ಮೇಲೂ ಸಿಟ್ಟು ಇತ್ತು. ಹೊಳೆದಂಡೆಯಲ್ಲಿ ನಿಂತು ಫೋನಿನಲ್ಲಿ ಬರೆದ. ಈ ಸರ್ಕಾರ ಸುಳ್ಳು ಹೇಳುತ್ತಿದೆ, ತಿಪ್ಪಣ್ಣನ ಹೆಣ ಕಂಡವರು ಊರ ತುಂಬ ಇದ್ದಾರೆ, ಮುಂದಿನ ಎಲೆಕ್ಷನ್ನಿನಲ್ಲಿ ಇವರನ್ನ ಮನೆಗೆ ಕಳಿಸಬೇಕು.

ಬರೆದದ್ದನ್ನ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದ. ಹೊಳೆಯ ಅಂಕಿಯನ್ನ ಇಲಾಖೆಯ ಗ್ರೂಪಿಗೆ ಹಾಕಿದ.

ಹಾಕಿದ ಅಂತ ಅವನು ತಿಳಿದಿದ್ದ. ಸ್ವಲ್ಪ ಹೊತ್ತಿಗೆ ಅವನ ಸಡ್ಡಕ, ನೀರು 4.35 ಅನ್ನುವುದರ ಕೆಳಗೆ, ಭಾಳ ಸಂತೋಷ, ದೇವರು ಒಳ್ಳೇದು ಮಾಡಲಿ ಅಂತ ಬರೆದ. ಆಗ ಗುಡ್ಡಪ್ಪನಿಗೆ ಎರಡೂ ಅದಲುಬದಲಾದದ್ದು ತಿಳಿಯಿತು.

ಇಲಾಖೆಯ ಗ್ರೂಪಿನಲ್ಲಿ ಹದಿನೈದು ಜನ. ಅವರಲ್ಲಿ ಒಬ್ಬ, ಯಾರು ಏನು ಹಾಕಿದರೂ ಓದದೆ ಹೆಬ್ಬೆಟ್ಟು ಒತ್ತುವವನು, ಇದಕ್ಕೂ ಒತ್ತಿದ್ದ. ಅವನಿಗೂ ಒಂದು ನೋಟಿಸ್ ಹೋಯಿತು, ಅದು ಬೇರೆ ಕಥೆ.

ಗುಡ್ಡಪ್ಪ ಗಾಬರಿಯಲ್ಲಿ ಅಳಿಸಿದ. ಅವನ ಫೋನಿನಿಂದ ಹೋಯಿತು. ಉಳಿದ ಹದಿನಾಲ್ಕು ಜನರ ಫೋನಿನಲ್ಲಿ ಹಾಗೇ ಇತ್ತು. ಅದು ಅವನಿಗೆ ಗೊತ್ತಾದದ್ದು ನೋಟಿಸ್ ಬಂದ ಮೇಲೆ.

ಸರ್ಕಾರಿ ನೌಕರ ರಾಜಕೀಯ ಮಾತಾಡುವಂತಿಲ್ಲ, ಸರ್ಕಾರವನ್ನ ಬಹಿರಂಗವಾಗಿ ಟೀಕಿಸುವಂತಿಲ್ಲ, ನಿಮ್ಮ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು ತಿಳಿಸಿ ಅಂತ ಅದರಲ್ಲಿತ್ತು. ಗುಡ್ಡಪ್ಪನಿಗೆ ರಿಟೈರಾಗಲು ಎರಡು ವರ್ಷ ಐದು ತಿಂಗಳು ಉಳಿದಿತ್ತು. ಉತ್ತರ ಕೊಡುವುದಕ್ಕೆ ಉಳಿದದ್ದು ಒಂದು ದಿನ.

ಅವರೆಕಾಯಿ ಬಿಡಿಸುತ್ತ ಅಜ್ಜಾರು ಇದನ್ನೆಲ್ಲ ಕೇಳಿದರು. ಸಡ್ಡಕನ ವಿಷಯ ಬಂದಾಗಲೂ ನಗಲಿಲ್ಲ.

ಗುಡ್ಡಪ್ಪ ಚೀಲದಿಂದ ಎರಡು ಉತ್ತರ ತೆಗೆದ.

ಒಂದು, ಆಫೀಸಿನ ಗುಮಾಸ್ತ ವಿರುಪಣ್ಣ ಬರೆದುಕೊಟ್ಟದ್ದು. ವಿರುಪಣ್ಣ ಇಂಥ ಉತ್ತರ ಬರೆಯುವುದರಲ್ಲಿ ಪಳಗಿದವನು. ಸದರಿ ದಿನ ಫೋನು ನನ್ನ ಅತ್ತೆಯವರ ಕೈಯಲ್ಲಿತ್ತು, ವಯಸ್ಸಾದವರು ಅರಿಯದೆ ಒತ್ತಿದ್ದಾರೆ, ಕ್ಷಮಿಸಬೇಕು ಅಂತ ಅರ್ಧ ಹಾಳೆ. ಇಷ್ಟು ಕೊಟ್ಟರೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ನೌಕರಿಗೆ ಏನೂ ಆಗುವುದಿಲ್ಲ ಅಂತ ವಿರುಪಣ್ಣ ಹೇಳಿದ್ದ.

"ನಿಮ್ಮತ್ತಿಗೆ ಫೋನ್ ಹಚ್ಚಾಕ ಬರ್ತಿತ್ತೇನು?" ಅಂತ ಅಜ್ಜಾರು ಕೇಳಿದರು.

"ಬರ್ತಿದ್ದಿಲ್ರಿ. ಆಕಿ ತೀರ್ಕೊಂಡು ಆರು ವರ್ಷ ಆತು."

"ಅಲ್ಲಿ ಕಲ್ತಿರಬೇಕು."

ಇನ್ನೊಂದು ಉತ್ತರ ಗುಡ್ಡಪ್ಪ ತಾನೇ ಬರೆದದ್ದು. ನಾಲ್ಕು ಹಾಳೆ. ಎದ್ದು ನಿಂತು ಓದಿದ. ನಾನು ಸತ್ಯ ಹೇಳಿದ್ದೇನೆ, ಸತ್ಯ ಹೇಳಿದ್ದಕ್ಕೆ ಶಿಕ್ಷೆ ಆದರೆ ಆಗಲಿ, ಸತ್ಯಕ್ಕೆ ಸಾವಿಲ್ಲ. ಮೊದಲನೇ ಹಾಳೆಯಲ್ಲೇ ಸತ್ಯ ಏಳು ಸಲ ಬಂದಿತ್ತು. ಓದುತ್ತ ಓದುತ್ತ ಅವನ ಕಣ್ಣಿಗೇ ನೀರು ಬಂತು. ಎರಡನೇ ಹಾಳೆ ಅಕ್ಷರ ಕಾಣದೆ ಬಿಟ್ಟು ಮೂರನೇದಕ್ಕೆ ಹೋದ.

ಓದಿ ಮುಗಿಸಿ ಕುಂತು, ಇದನ್ನ ಕೊಟ್ಟರೆ ನೌಕರಿ ಹೋಗಬಹುದು, ಅದನ್ನ ಕೊಟ್ಟರೆ ಮಾನ ಹೋಗುತ್ತದೆ, ಯಾವುದು ಕೊಡಲಿ ಅಂತ ಕೇಳಿದ.

ಅಜ್ಜಾರು ಒಂದು ಹುಳುಕು ಕಾಯಿ ತೆಗೆದು ಬದಿಗೆ ಹಾಕಿದರು.

"ಅಜ್ಜಾರ, ಒಂದು ಮಾತು ಹೇಳ್ರಿ. ಸರ್ಕಾರಿ ನೌಕರಿ ಮಾಡೋನಿಗೆ ಬಾಯಿ ಇರಬಾರದೇನ್ರಿ?"

ಅಜ್ಜಾರು ಇನ್ನೊಂದು ಕಾಯಿ ಎತ್ತಿಕೊಂಡರು.

"ನೋಟಿಸ್ ಪೂರ್ತಿ ಓದಿದ್ಯಾ?" ಅಂದರು.

"ಅವಾಗಿಂದ ಅದನ್ನ ಹೇಳಾಕತ್ತೇನಲ್ರಿ. ನಾಕು ಸಲ."

"ಎರಡನೇ ಹಾಳಿ?"

ಗುಡ್ಡಪ್ಪ ನೋಟಿಸ್ ತಿರುಗಿಸಿದ. ಹಿಂದೆ ಇನ್ನೊಂದು ಹಾಳೆ ಪಿನ್ನು ಹಾಕಿ ಸೇರಿಸಿದ್ದರು, ಎದುರಿಗೆ ಕುಂತ ಅಜ್ಜಾರಿಗೆ ಅದೇ ಕಾಣುತ್ತಿತ್ತು. ಮೊದಲನೇ ಹಾಳೆ ಓದಿದ ಗಾಬರಿಗೆ ಅದನ್ನ ಅವನು ತಿರುವಿಯೇ ನೋಡಿರಲಿಲ್ಲ.

ಅದು ಒಂದು ಪುಸ್ತಕದ ಪುಟದ ಝೆರಾಕ್ಸು. ತಾರೀಖು, ತಾಸು, ಮಟ್ಟ. ಹೋದ ವರ್ಷದ ಶ್ರಾವಣದ ಒಂದು ದಿನ. ಮಧ್ಯಾಹ್ನ ಹನ್ನೆರಡು ಗಂಟೆಗೆ, 8.20. ಕೆಳಗೆ ಒಂದು ಸಾಲು ಟೈಪು ಮಾಡಿದ್ದರು. ಮಾನ್ಯ ಸಚಿವರ ಹೇಳಿಕೆಯು ತಾವೇ ದಾಖಲಿಸಿದ ಮಟ್ಟವನ್ನು ಆಧರಿಸಿರುತ್ತದೆ.

"ಯಾರ ಅಕ್ಷರ?" ಅಂತ ಅಜ್ಜಾರು ಕೇಳಿದರು.

"ನಂದ್ರಿ."

"ಅವತ್ತು ಹೊಳಿ ಎಷ್ಟಿತ್ತು?"

"ಎಂಟು ಇಪ್ಪತ್ರಿ."

"ಪುಸ್ತಕ ಕೇಳಲಿಲ್ಲ ನಾ. ಹೊಳಿ ಎಷ್ಟಿತ್ತು?"

ಗುಡ್ಡಪ್ಪ ನೀರಿನ ಕಡೆ ತಿರುಗಿದ. ಹೊಳೆ ಸುಮ್ಮನೆ ಹರಿಯುತ್ತಿತ್ತು. ಮಳೆ ಹೋಗಿ ತಿಂಗಳಾಗಿತ್ತು, ನೀರು ಕೆಳಗಿನ ಮೆಟ್ಟಿಲಿಗೆ ಇಳಿದಿತ್ತು.

ಅಜ್ಜಾರು ಮೊರ ಬದಿಗಿಟ್ಟು ಎದ್ದರು. ಗೂಡಿಗೆ ಕೈ ಹಾಕಿ ಚಾಕ್‌ಪೀಸ್ ಡಬ್ಬಿ ತೆಗೆದರು. ಮೆಟ್ಟಿಲ ತುದಿಗೆ ಹೋಗಿ ನಿಂತರು.

"ಕೆಳಗ ಇಳಿ. ನೀ ಬರದಿಯಲ್ಲ, ಆ ನೀರಿನ ಮಟ್ಟಕ್ಕ ನಿಂದ್ರು."

ಗುಡ್ಡಪ್ಪ ಇಳಿದ. ಎಂಟರ ಕಂಬ ನೋಡಿಕೊಂಡು ಅದಕ್ಕೆ ಸರಿಯಾದ ಮೆಟ್ಟಿಲ ಮೇಲೆ ನಿಂತ. ನಿಲ್ಲುವುದರಲ್ಲಿ ಅವನು ಎಂದೂ ತಪ್ಪಿದವನಲ್ಲ.

"ಅಲ್ಲೇ ನಿಂತಿತ್ತೇನು ನೀರು?"

ಗುಡ್ಡಪ್ಪ ಒಂದು ಮೆಟ್ಟಿಲು ಹತ್ತಿದ.

"ಸಾಹೇಬರು ಫೋನ್ ಮಾಡಿದ್ರು ಅಜ್ಜಾರ," ಅಂದ.

ಅವತ್ತು ಮೇಲಿನ ಊರಿನ ಹತ್ತಿರ ತುಂಬಿದ ಹೊಳೆಗೆ ಬಾಗಿನ ಕೊಡಲು ಮಂತ್ರಿಗಳು ಬರುವವರಿದ್ದರು. ದಂಡೆಯ ಮೇಲೆ ಶಾಮಿಯಾನ ಹಾಕಿದ್ದರು, ಮೊರದ ಬಾಗಿನದಲ್ಲಿ ಬಳೆ, ಅರಿಶಿಣ, ಕುಂಕುಮ ಎಲ್ಲ ತುಂಬಿ ಇಟ್ಟಿದ್ದರು. ಮಟ್ಟ ಒಂಬತ್ತು ದಾಟಿತು ಅಂತ ಪುಸ್ತಕದಲ್ಲಿ ಬಂದರೆ ಪೊಲೀಸರು ದಂಡೆ ಖಾಲಿ ಮಾಡಿಸಬೇಕು, ಡಂಗುರ ಹೊಡೆಸಬೇಕು. ಎರಡು ಗಂಟೆ ತನಕ ಹೊಳೆ ಒಂಬತ್ತು ದಾಟಬಾರದು ಅಂತ ಇಲಾಖೆಯ ಸಾಹೇಬರು ಗುಡ್ಡಪ್ಪನಿಗೆ ತಾಕೀತು ಮಾಡಿದರು. ಹೊಳೆಯ ಫೋನ್ ನಂಬರು ಅವರ ಹತ್ತಿರ ಇರಲಿಲ್ಲ.

ಇನ್ನೊಂದು ಮೆಟ್ಟಿಲು ಹತ್ತಿದ.

"ನಾ ಬರೀಲಿಲ್ಲಾಂದ್ರ ಬ್ಯಾರೆಯವ್ರ ಕಡಿಂದ ಬರಸ್ತಿದ್ರು."

ಮುಂದಿನ ಮೆಟ್ಟಿಲಲ್ಲಿ ಪಾಚಿ ಇತ್ತು. ಗುಡ್ಡಪ್ಪ ಜಾರಿ ಮೊಣಕಾಲೂರಿ ಬಿದ್ದ. ಈ ಸಲ ಯಾರೂ ಕೊರಳಪಟ್ಟಿ ಹಿಡಿಯಲಿಲ್ಲ. ತಾನೇ ಎದ್ದು ಧೋತರ ಝಾಡಿಸಿಕೊಂಡ.

"ಎರಡು ತಾಸಿನ ಮಾತು ಅಂದಿದ್ರು. ಎರಡು ಗಂಟೆ ಆದಮ್ಯಾಲೆ ಖರೇ ಇದ್ದಿದ್ದು ಬರಿ ಅಂದಿದ್ರು."

"ಬರದ್ಯಾ?"

"ಇಲ್ರಿ. ಒಮ್ಮೆಗೇ ಅಷ್ಟು ಏರಿಸಿದ್ರ ಮೇಲಿನವ್ರಿಗೆ ಅನುಮಾನ ಬರತೈತಿ ಅಂದ್ರು. ಮರುದಿನ ನೀರ ಇಳೀತು. ಹಂಗ ಉಳೀತ್ರಿ."

ನಾಲ್ಕು. ಐದು. ಆರು. ಆರನೇದರ ಮೇಲೆ ಸ್ವಲ್ಪ ಹೊತ್ತು ನಿಂತ, ಇನ್ನು ಮುಂದೆ ಮೆಟ್ಟಿಲೇ ಇಲ್ಲ ಅನ್ನುವಂತೆ. ಆಮೇಲೆ ಏಳನೇದಕ್ಕೂ ಹತ್ತಿದ.

ಅಲ್ಲಿ ನಿಂತರೆ ಮಠದ ಗೋಡೆ ಎದುರಿಗೇ. ಗೋಡೆಯ ಮೇಲೆ ಹಲಗೆ. ಹಲಗೆಯ ಮೇಲೆ ಅಜ್ಜಾರ ದುಂಡನೆಯ ಅಕ್ಷರದಲ್ಲಿ 8.20.

"ಇಲ್ಲಿತನಕ ಬಂದಿತ್ರಿ," ಅಂದ ಗುಡ್ಡಪ್ಪ. "ಒಂಬತ್ತು ಅರವತ್ತು."

ಅಜ್ಜಾರು ಹೊಳೆ ಕಡೆ ನೋಡಿದರು.

"ಆವಾಗ ಜೋರು ಮಳಿ. ನಾ ಒಳಗ ಇದ್ದೆ. ನೀ ಬಾಗಲದಾಗ ನಿಂತು ಎಂಟು ಇಪ್ಪತ್ತು ಅಂದಿ. ನಾ ಬಂದು ಬರದೆ. ತಿಪ್ಪಣ್ಣ ಬಂದು ನೋಡ್ದ. 'ಅಜ್ಜಾರ, ನೀರು ನೋಡಿದ್ರ ಭಾಳ ಐತಿ ಅನಸ್ತೈತಿ, ಹಲಗಿ ನೋಡಿದ್ರ ಎಂಟು ಅಂತೈತಿ' ಅಂದ. ನಾ ಏನಂದೆ ಗೊತ್ತೈತೇನು?"

ಗುಡ್ಡಪ್ಪ ಹಲಗೆ ಕಡೆ ನೋಡಿದ.

"'ಗುಡ್ಡಪ್ಪ ಹೇಳ್ಯಾನ ಅಂದ್ರ ಎಂಟ ಇರತೈತಿ, ಹೋಗು' ಅಂದೆ. ಹೊಳಿ ನನ್ನ ಮುಂದನ ಇತ್ತು. ನಾನೂ ಹಲಗಿ ನೋಡಿದೆ."

ಗುಡ್ಡಪ್ಪ ಏಳನೇ ಮೆಟ್ಟಿಲು ಬಿಟ್ಟು ಮೇಲಕ್ಕೆ ಬಂದ.

"ಆಗ ಕೇಳಿದ್ಯಲ್ಲ, ಸರ್ಕಾರಿ ನೌಕರಗ ಬಾಯಿ ಇರಬಾರದೇನು ಅಂತ," ಅಂದರು ಅಜ್ಜಾರು. "ಇತ್ತಲ್ಲೋ ತಮ್ಮಾ. ಹತ್ತೊಂಬತ್ತು ವರ್ಷ ದಿನಾ ಎಂಟಕ್ಕ ನೀ ಹೇಳಿದ್ದನ್ನ ಕೇಳಿ ಸರ್ಕಾರ ಮಾತಾಡ್ತಿತ್ತು."

"ಅಜ್ಜಾರ..."

"ಸರ್ಕಾರ ಸುಳ್ಳು ಹೇಳತೈತಿ ಅಂತ ಬರದಿ. ಬರೋಬ್ಬರಿ ಐತಿ ಅದು. ಯಾರ ಕಡೆ ಕಲ್ತಿತು ಅಂತ ಬರೀಲಿಲ್ಲ, ಅಷ್ಟ."

ಚಾಕ್‌ಪೀಸ್ ಡಬ್ಬಿಯನ್ನು ಗುಡ್ಡಪ್ಪನ ಕೈಗೆ ಕೊಟ್ಟು ಅಜ್ಜಾರು ಹೋಗಿ ಮತ್ತೆ ಮೊರದ ಮುಂದೆ ಕುಂತರು.

ತಾನೇ ತಂದುಕೊಟ್ಟ ಡಬ್ಬಿ. ಮೇಲಿನ ಅಂಟುಕಾಗದ ಕೂಡ ಕಿತ್ತಿರಲಿಲ್ಲ. ಗುಡ್ಡಪ್ಪ ಉಗುರಿನಿಂದ ಕಿತ್ತು ಒಂದು ಚಾಕ್‌ಪೀಸ್ ತೆಗೆದ. ಮುರಿಯಿತು. ಇನ್ನೊಂದು ತೆಗೆದ. ಹೆಗಲ ಮೇಲಿನ ಟವೆಲಿನಿಂದ ಹಲಗೆ ಒರೆಸಿ, ಅಂಕಿ ಬರೆದ. 9.60.

ಹಿಂದಿನಿಂದ ಕೊಡ ಇಳಿಸಿದ ಸಪ್ಪಳ ಕೇಳಿತು.

ಸಾವಕ್ಕ ನೀರಿಗೆ ಬಂದಿದ್ದಳು. ತಿಪ್ಪಣ್ಣನ ಹೆಂಡತಿ. ಗಂಡ ಹೋದ ಮೇಲೆ ಮಠದ ಅಂಗಳ ಕಸ ಹೊಡೆದು, ಪಾತ್ರೆ ತಿಕ್ಕಿ, ಅಲ್ಲೇ ಒಂದು ಹೊತ್ತು ಉಣ್ಣುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಹಲಗೆಯ ಮೇಲಿನ ಆಕಾರ ಬೇರೆ ಆಗಿದ್ದು ಗೊತ್ತಾಯಿತು.

"ಯಾಕ ಅಳಸಿದ್ರಿ ಅಣ್ಣಾರ?" ಅಂದಳು. "ಅವರು ಕಡೀಕ ನೋಡಿ ಹೋದದ್ದು ಅದು. ಅದಕ್ಕಂತನ ಅಜ್ಜಾರು ಇಟ್ಟಾರ ಅಂತ ನಾ ದಿನಾ ಕಸ ಹೊಡಿಯಾಕ ಬಂದಾಗ ಕೈ ಮುಗಿತಿದ್ದೆ."

ಗುಡ್ಡಪ್ಪ ಅಜ್ಜಾರ ಕಡೆ ನೋಡಿದ. ಅಜ್ಜಾರು ಅವರೆಕಾಯಿ ಬಿಡಿಸುತ್ತಿದ್ದರು. ಅವರ ಕೈಯಲ್ಲಿ ಇದ್ದದ್ದು ಮೊದಲೇ ಬಿಡಿಸಿದ ಸಿಪ್ಪೆ.

ಗುಡ್ಡಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಅವಳ ಕಡೆ ತಿರುಗಿದ.

"ಅದು ಸುಳ್ಳು ಅಂಕಿ ಸಾವಕ್ಕ. ನಾ ಹೇಳಿದ್ದು. ನೀರು ಒಂಬತ್ತು ದಾಟಿತ್ತು. ಒಂಬತ್ತು ಅರವತ್ತಿತ್ತು."

ಸಾವಕ್ಕ ಹಲಗೆ ನೋಡಿದಳು, ಗುಡ್ಡಪ್ಪನ ಕೈಯ ಮೇಲಿನ ಚಾಕ್‌ಪೀಸ್ ಧೂಳು ನೋಡಿದಳು. ಬೈಯುತ್ತಾಳೆ ಅಂತ ಗುಡ್ಡಪ್ಪ ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

"ಒಂಬತ್ತಕ್ಕ ತೆಪ್ಪ ಇಳಸೋರಲ್ಲ ಅವರು," ಅಂದಳು. "ಕುಡಿದು ಹೋಗ್ಯಾನ ಅಂತ ಮಂದಿ ಅಂದ್ರು. ಪೊಲೀಸರೂ ಹಂಗ ಬರಕೊಂಡ್ರು. ಕುಡದಿದ್ದಿಲ್ಲ ಅಂತ ನಾ ಹೇಳಿದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

ಗುಡ್ಡಪ್ಪನೂ ಹಾಕಿಕೊಂಡಿರಲಿಲ್ಲ. ಕುಡಿದಿರಬೇಕು ಅಂತ ಅವನೂ ಒಂದೆರಡು ಕಡೆ ಅಂದಿದ್ದ. ಹಾಗಂದುಕೊಂಡರೆ ಅವನಿಗೆ ಅನುಕೂಲವಿತ್ತು.

ಸಾವಕ್ಕ ಕೊಡ ಎತ್ತಿಕೊಂಡು ಮೆಟ್ಟಿಲು ಇಳಿದಳು. ಕೊಡ ತುಂಬಿಕೊಂಡು ಹತ್ತಿ ಬಂದಳು. ಹೋಗುವಾಗ ಹಲಗೆಯ ಮುಂದೆ ನಿಂತಳು. ಕೈ ಮುಗಿಯಲಿಲ್ಲ.

ಅವಳು ಒಳಗೆ ಹೋದ ಮೇಲೆ ಗುಡ್ಡಪ್ಪ ಕಟ್ಟೆಯ ಹತ್ತಿರ ಬಂದ. ಉತ್ತರ ಏನು ಬರೆಯಲಿ ಅಂತ ಕೇಳಿದ. ಖರೇ ಬರೆದರೆ ಬರೀ ರಾಜಕೀಯ ಮಾತಾಡಿದ ತಪ್ಪಲ್ಲ, ಸರ್ಕಾರಿ ಪುಸ್ತಕದಲ್ಲಿ ಸುಳ್ಳು ಬರೆದ ತಪ್ಪಾಗುತ್ತದೆ, ನೌಕರಿ ಅಷ್ಟೇ ಅಲ್ಲ, ಪೆನ್ಶನ್ನೂ ಹೋಗುತ್ತದೆ, ಜೈಲೂ ಆದೀತು ಅಂದ. ಬರೆಯದಿದ್ದರೆ ತಿಪ್ಪಣ್ಣ ಕಾಗದದಲ್ಲಿ ಕುಡುಕನಾಗೇ ಉಳಿಯುತ್ತಾನೆ ಅಂತಲೂ ಅಂದ. ಅದನ್ನ ಸ್ವಲ್ಪ ಮೆಲ್ಲಗೆ ಅಂದ.

ಅಜ್ಜಾರು ಹಲಗೆ ಕಡೆ ಗದ್ದ ತೋರಿಸಿದರು.

"ಅಲ್ಲಿ ಬರಿಯಾಕ ಎಷ್ಟು ಹಾಳಿ ಬೇಕಾದವು?"

ಗುಡ್ಡಪ್ಪ ತನ್ನ ನಾಲ್ಕು ಹಾಳೆಯ ಉತ್ತರ ತೆಗೆದ. ಕೊನೆಯ ಹಾಳೆಯಲ್ಲಿ ಅರ್ಧ ಖಾಲಿ ಇತ್ತು. ಅಷ್ಟನ್ನು ಹರಿದುಕೊಂಡ. ಮೊಣಕಾಲ ಮೇಲೆ ಹೊಳೆಯ ಪುಸ್ತಕ ಇಟ್ಟು, ಅದರ ಮೇಲೆ ಆ ತುಂಡು ಇಟ್ಟು ಬರೆದ.

ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮಟ್ಟ 9.60 ಇತ್ತು. ನಾನು 8.20 ಅಂತ ಬರೆದೆ. ಬರೆಸಿದವರು ಯಾರು ಅಂತ ಕೇಳಿದರೆ ಹೇಳುತ್ತೇನೆ. ಅಂಬಿಗರ ತಿಪ್ಪಣ್ಣ ಕುಡಿದಿರಲಿಲ್ಲ. ಫೋನಿನಲ್ಲಿ ಬರೆದದ್ದೂ ನಾನೇ, ನನ್ನ ಅತ್ತೆಯವರು ತೀರಿಕೊಂಡಿದ್ದಾರೆ.

ಕೊನೆಯ ಮಾತು ಬೇಕಿರಲಿಲ್ಲ. ಆದರೆ ವಿರುಪಣ್ಣ ತನ್ನ ಉತ್ತರವನ್ನ ಈಗಾಗಲೇ ಯಾರಿಗಾದರೂ ತೋರಿಸಿದ್ದರೆ ಅಂತ ಅನುಮಾನ ಬಂದು ಸೇರಿಸಿದ.

ಸಹಿ ಮಾಡಿ ಅಜ್ಜಾರಿಗೆ ಕೊಟ್ಟ. ಅವರು ಓದಿದರು. ಕೆಂಪು ಕಣ್ಣು ಒಮ್ಮೆ ಒರೆಸಿಕೊಂಡರು. ವಾಪಸ್ ಕೊಟ್ಟು, ಅವರೆಕಾಳು ಒಂದು ಬೊಗಸೆ ಅವನ ಟವೆಲಿಗೆ ಹಾಕಿ, ಮನೆಗೆ ಒಯ್ಯಿ ಅಂದರು.

ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ ಮಾಡಿಸಿದ. ಲಕೋಟೆಗೆ ಹಚ್ಚಿದ ಅಂಟು ಬೆರಳಿಗೆ ಹತ್ತಿ, ಲಕೋಟೆ ಕೈ ಬಿಡಲೊಲ್ಲದು. ಕೊಡೋದು ಐತೋ ಇಲ್ಲೋ ಅಂತ ಪೋಸ್ಟಿನವನು ಕೇಳಿದ. ಗುಡ್ಡಪ್ಪ ಬೆರಳು ಕಿತ್ತುಕೊಂಡು, ಐತಿ ಅಂದ.

ಮನೆಗೆ ಬಂದಾಗ ಹೆಂಡತಿ ಕೊಟ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಅವರೆಕಾಳು ಅವಳ ಮುಂದೆ ಇಟ್ಟ. ಒಲೆಯ ಹತ್ತಿರ ಕುಂತು ಎಲ್ಲ ಹೇಳಿದ. ಸಾಹೇಬರ ಫೋನು, ಏಳು ಮೆಟ್ಟಿಲು, ಸಾವಕ್ಕ, ಲಕೋಟೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಒಂದು ರೊಟ್ಟಿ ಹೊತ್ತಿತು. ಅದನ್ನ ತೆಗೆದು ಬದಿಗಿಟ್ಟು ಇನ್ನೊಂದು ಹಾಕಿದಳು. ಪೆನ್ಶನ್ ಬರುತ್ತದೋ ಇಲ್ಲೋ ಅಂತ ಕೇಳಿದಳು. ಗೊತ್ತಿಲ್ಲ ಅಂದ.

ಸ್ವಲ್ಪ ಹೊತ್ತು ಬಿಟ್ಟು ಗುಡ್ಡಪ್ಪ, ಒಂದೇ ಒಂದು ತಿಳಿಯುತ್ತಿಲ್ಲ ಅಂದ. ಅಜ್ಜಾರಿಗೆ ಅವತ್ತಿನಿಂದ ಗೊತ್ತಿತ್ತು. ದಿನಾ ಎದುರಿಗೆ ಕೂರುತ್ತಿದ್ದೆ, ದಿನಾ ಚಹಾ ಕೊಡುತ್ತಿದ್ದರು. ಒಂದು ವರ್ಷದ ಮೇಲಾಯಿತು, ಒಂದು ಸಲವೂ ಕೇಳಲಿಲ್ಲ.

ಕೊಟ್ರವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ನನ್ನ ಕೇಳಿದ್ರು," ಅಂದಳು. "ತಿಪ್ಪಣ್ಣನ ದಿನಕರ್ಮದ ಊಟಕ್ಕ ಹೋಗಿದ್ನಲ್ಲ, ಅವಾಗ. 'ಗುಡ್ಡಪ್ಪಗ ನಿದ್ದಿ ಬರತೈತೇನವ್ವ' ಅಂದ್ರು. ನಾ ಆರಾಮ ಕೇಳ್ತಾರ ಅಂತ ತಿಳ್ಕೊಂಡೆ. 'ಮಲಗಿದ್ರ ಎಚ್ಚರನ ಇರಂಗಿಲ್ರಿ' ಅಂದೆ. ಆಮ್ಯಾಲೆ 'ನನಗ ಬರವಲ್ದು' ಅಂದ್ರು."